ಕೆರೆ ಪಾಚಿಗೆ ವೈರಸ್ ಬಿಟ್ಟರೆ ಆಗಲ್ವಾ?

ಹನಿಜಾಡು

ನಿಂತ ನೀರಿನಲ್ಲಿ ಬಿಸಿಲು ಏರುತ್ತಿದ್ದಂತೆ ನೀಲಿ-ಹಸಿರು ಪಾಚಿ ಉಕ್ಕಿ ಮೇಲೆ ಕೆನೆ ಕಟ್ಟುತ್ತದಲ್ಲ, ಅದರ ಬಗ್ಗೆ ಒಂದು ಪ್ರಶ್ನೆ. ಈ ಪಾಚಿಗೂ ರೋಗ ಬರುತ್ತದಂತೆ. ಅದಕ್ಕೆಂದೇ ವೈರಸ್‌ಗಳಿವೆ, ಪರಾವಲಂಬಿ ಫಂಗಸ್‌ಗಳಿವೆ, ಕೆಲವು ಸಲ ಕೆರೆ ತುಂಬಾ ಹರಡಿದ್ದ ಪಾಚಿ ಇದ್ದಕ್ಕಿದ್ದಂತೆ ಮಾಯವಾಗುವುದಕ್ಕೆ ಇವೇ ಕಾರಣ ಎಂದು ಓದಿದೆ. ಹಾಗಿದ್ದರೆ ಸುಮ್ನೆ ಯಾಕೆ ಕೆಮಿಕಲ್ ಸುರಿಯಬೇಕು? ಆ ವೈರಸ್ಸನ್ನೇ ಲ್ಯಾಬಿನಲ್ಲಿ ಬೆಳೆಸಿ ನೀರಿಗೆ ಬಿಟ್ಟರೆ ಆಗಲ್ವಾ? ಬೆಳೆ ತಿನ್ನುವ ಹುಳುವಿಗೆ ಎನ್‌ಪಿವಿ ಎಂಬ ವೈರಸ್ ಸಿಂಪಡಿಸುತ್ತಾರೆ, ಸೊಳ್ಳೆ ಮರಿಗೆ ಬಿಟಿಐ ಬ್ಯಾಕ್ಟೀರಿಯಾ ಹಾಕುತ್ತಾರೆ, ಅವೆಲ್ಲ ಕೆಲಸ ಮಾಡುತ್ತವೆ. ಪಾಚಿಗೆ ಮಾತ್ರ ಯಾಕೆ ಯಾರೂ ಮಾಡಿಲ್ಲ?

ಇನ್ನೊಂದು, ಆ ವೈರಸ್ ಮೀನಿಗೋ ಮನುಷ್ಯರಿಗೋ ತಗಲಿದರೆ ಏನು ಕಥೆ? ನಾನು ಜೀವಶಾಸ್ತ್ರ ಓದಿದವನಲ್ಲ, ಸ್ವಲ್ಪ ಬಿಡಿಸಿ ಹೇಳಿ.

ಜೌಗುನೆಲ

ಕೊನೆಯದನ್ನು ಮೊದಲು ಮುಗಿಸಿಬಿಡೋಣ. ತಗಲುವುದಿಲ್ಲ. ನೀಲಿ-ಹಸಿರು ಪಾಚಿ ಹೆಸರಿಗೆ ಪಾಚಿ, ಆದರೆ ಜಾತಿಯಲ್ಲಿ ಬ್ಯಾಕ್ಟೀರಿಯಾ. ಸಯನೋಬ್ಯಾಕ್ಟೀರಿಯಾ. ಅದಕ್ಕೆ ಬರುವ ವೈರಸ್‌ಗಳು ಬ್ಯಾಕ್ಟೀರಿಯಾ ಬಿಟ್ಟು ಬೇರೆ ಯಾವ ಜೀವಕೋಶಕ್ಕೂ ಅಂಟಲಾರವು, ಸಯನೋಫೇಜ್ ಎನ್ನುತ್ತಾರೆ ಅವಕ್ಕೆ. ಕೆರೆಯಲ್ಲಿ ಒಮ್ಮೆ ಈಜಿದವರೆಲ್ಲ ಇಂಥವನ್ನು ಕೋಟಿಗಟ್ಟಲೆ ಕುಡಿದಿದ್ದಾರೆ. ಒಂದು ಮಿಲಿಲೀಟರ್ ಕೆರೆ ನೀರಿನಲ್ಲಿ ಒಂದು ಕೋಟಿಯ ಆಸುಪಾಸು ವೈರಸ್ ಕಣಗಳಿರುವುದು ಮಾಮೂಲು, ಕೊಳಚೆ ಸೇರಿದ ಕೆರೆಯಲ್ಲಿ ಇನ್ನೂ ಜಾಸ್ತಿ.

ಇನ್ನು ನಿಮ್ಮ ಐಡಿಯಾ. ಒಳ್ಳೆಯದೇ, ಆದರೆ ಅರವತ್ತು ವರ್ಷ ಹಳೆಯದು. 1963ರಲ್ಲಿ ಅಮೆರಿಕದಲ್ಲಿ ಸ್ಯಾಫರ್‌ಮನ್ ಮತ್ತು ಮಾರಿಸ್ ಎಂಬ ಇಬ್ಬರು ಕೊಳಚೆ ನೀರು ನಿಲ್ಲಿಸುವ ಹೊಂಡದಿಂದ ಮೊದಲ ಸಯನೋಫೇಜ್ ಹಿಡಿದರು. ಅದಕ್ಕೆ ಎಲ್‌ಪಿಪಿ-1 ಎಂದು ಹೆಸರು, ಲಿಂಗ್‌ಬ್ಯಾ, ಪ್ಲೆಕ್ಟೊನೀಮಾ, ಫಾರ್ಮಿಡಿಯಂ ಎಂಬ ಮೂರು ಬಗೆಯ ನೀಲಿ-ಹಸಿರು ಪಾಚಿಗೂ ತಗಲುತ್ತಿತ್ತು. ಮರುವರ್ಷವೇ ಅವರು ಇದರಿಂದ ಪಾಚಿ ಹತೋಟಿ ಮಾಡುವ ಬಗ್ಗೆ ಬರೆದರು. ಅಂದರೆ ಫೇಜ್ ಸಿಕ್ಕಿದ ಕೂಡಲೇ ಜನರಿಗೆ ಹೊಳೆದದ್ದು ನಿಮಗೆ ಹೊಳೆದದ್ದೇ. ಆದರೂ ಇವತ್ತಿಗೂ ಕೆರೆಗೆ ಫೇಜ್ ಸುರಿಯುವುದು ಎಲ್ಲೂ ಮಾಮೂಲಿ ಕೆಲಸವಾಗಿಲ್ಲ.

ಮುಖ್ಯ ತೊಂದರೆ ಏನೆಂದರೆ ಫೇಜ್‌ಗೆ ಎಲ್ಲ ಪಾಚಿಯೂ ಆಗುವುದಿಲ್ಲ. ಕೆರೆಗಳಲ್ಲಿ ಹೆಚ್ಚು ಕಾಟ ಕೊಡುವುದು ಮೈಕ್ರೋಸಿಸ್ಟಿಸ್ ಎಂಬ ನೀಲಿ-ಹಸಿರು ಪಾಚಿ. ಅದಕ್ಕೆ ತಗಲುವ ಒಂದು ಫೇಜನ್ನು ಜಪಾನಿನ ಮಿಕಾತಾ ಸರೋವರದಿಂದ ಹಿಡಿದರು, 2006ರಲ್ಲಿ ಅದರ ವಿವರ ಪ್ರಕಟವಾಯಿತು. ಲ್ಯಾಬಿನಲ್ಲಿ ನೋಡಿದರೆ ಭಯಂಕರ ಚುರುಕು. ಸೋಂಕಿದ 6ರಿಂದ 12 ಗಂಟೆಯೊಳಗೆ ಜೀವಕೋಶ ಒಡೆಯುತ್ತದೆ, ಒಂದೊಂದರಿಂದ 50ರಿಂದ 120 ಹೊಸ ಫೇಜ್ ಹೊರಬೀಳುತ್ತವೆ. ಈ ಲೆಕ್ಕದಲ್ಲಿ ಎರಡು ಮೂರು ದಿನಕ್ಕೆ ಕೆರೆ ತಿಳಿಯಾಗಬೇಕಿತ್ತು, ಅಲ್ವಾ? ಆದರೆ ಪರೀಕ್ಷೆಗೆ ಇಟ್ಟುಕೊಂಡ ತಳಿಗಳಲ್ಲಿ ಅದು ತಗಲಿದ್ದು ವಿಷ ಮಾಡುವ ಒಂದೇ ಒಂದು ತಳಿಗೆ. ಪಕ್ಕದ ತಳಿ ಅದೇ ಮೈಕ್ರೋಸಿಸ್ಟಿಸ್, ನೋಡುವುದಕ್ಕೂ ಹಾಗೇ ಇದೆ, ಅದಕ್ಕೆ ಏನೂ ಆಗಲಿಲ್ಲ. ಕೆರೆಯಲ್ಲಿ ಒಂದೇ ಹೊತ್ತಿಗೆ ಇಂಥ ಎಷ್ಟೋ ತಳಿಗಳು ಕೂಡಿ ಬೆಳೆಯುತ್ತವೆ. ನೀವು ಒಂದನ್ನು ಹೊಡೆದರೆ ಅದರ ಜಾಗ, ಅದರ ಬೆಳಕು, ಅದರ ಗೊಬ್ಬರ ಎಲ್ಲ ಇನ್ನೊಂದಕ್ಕೆ. ನಿಮ್ಮ ಎನ್‌ಪಿವಿ ಉದಾಹರಣೆ ಇಲ್ಲಿಗೆ ಹೊಂದದಿರುವುದು ಅದಕ್ಕೇ. ಹೊಲದಲ್ಲಿ ಒಂದು ಜಾತಿಯ ಹುಳು ಸತ್ತರೆ ರೈತನ ಕೆಲಸ ಆಯಿತು, ಮರುದಿನ ಅದೇ ಜಾಗಕ್ಕೆ ಅದರ ಅಣ್ಣತಮ್ಮಂದಿರು ಬಂದು ತುಂಬುವುದಿಲ್ಲ.

ಜೊತೆಗೆ ಮೈಕ್ರೋಸಿಸ್ಟಿಸ್ ಸುಮ್ಮನೆ ಸಾಯುವ ಗಿರಾಕಿ ಅಲ್ಲ. ಫೇಜ್ ಒಳಗೆ ಬಂದರೆ ಅದರ ಡಿಎನ್‌ಎ ಕತ್ತರಿಸುವ ಕ್ರಿಸ್ಪರ್ ಇದೆ, ಬೇರೆ ಬೇರೆ ರಕ್ಷಣಾ ಜೀನ್‌ಗಳಿವೆ. ಜೀನೋಮ್ ಓದಿದ ಬ್ಯಾಕ್ಟೀರಿಯಾಗಳಲ್ಲಿ ಇಂಥ ಜೀನ್‌ಗಳನ್ನು ಅತಿ ಹೆಚ್ಚು ಕೂಡಿಟ್ಟುಕೊಂಡವುಗಳಲ್ಲಿ ಅದೂ ಒಂದು. ಇಷ್ಟು ಆಯುಧ ಇಟ್ಟುಕೊಂಡಿದೆ ಅಂದರೆ ಅದರ ವಂಶ ಎಷ್ಟು ಕಾಲದಿಂದ ಫೇಜ್ ಜೊತೆ ಬಡಿದಾಡುತ್ತಿರಬೇಕು ಯೋಚನೆ ಮಾಡಿ.

ಫೇಜೂ ಕಡಿಮೆ ಇಲ್ಲ ಬಿಡಿ. ಮಿಕಾತಾದ ಆ ಫೇಜ್ ಎನ್‌ಬಿಎಲ್‌ಎ ಎಂಬ ಜೀನನ್ನು ಹೊತ್ತು ತಿರುಗುತ್ತದೆ. ಆ ಜೀನ್ ಮೂಲದಲ್ಲಿ ಸಯನೋಬ್ಯಾಕ್ಟೀರಿಯಾದ್ದು. ಸಾರಜನಕ ಸಿಗದೆ ಹಸಿದಾಗ ಬೆಳಕು ಹಿಡಿಯುವ ತನ್ನ ನೀಲಿ ಪ್ರೋಟೀನನ್ನು ತಾನೇ ಕರಗಿಸಿಕೊಳ್ಳಲು ಅದು ಬಳಸುವಂಥದ್ದು. ಶತ್ರುವಿನ ಮನೆಯ ಜೀನನ್ನೇ ಎತ್ತಿಕೊಂಡು ಬಂದು ಅವನ ಮನೆ ಒಡೆಯಲು ಬಳಸುವುದು ಅಂದರೆ ಇದೇ.

ಏರಿಮೇಲೆ

ಇಷ್ಟೆಲ್ಲ ಯಾಕೆ ತಲೆ ಕೆಡಿಸಿಕೊಳ್ಳುತ್ತೀರಿ. ಮೈಲುತುತ್ತ ಕರಗಿಸಿ ಹಾಕಿದರೆ ಒಂದೆರಡು ದಿನದಲ್ಲಿ ನೀರು ತಿಳಿಯಾಗುತ್ತದೆ. ಪಾಚಿ ಸಾಯಬೇಕು ತಾನೇ, ವೈರಸ್‌ನಿಂದ ಸತ್ತರೇನು ತಾಮ್ರದಿಂದ ಸತ್ತರೇನು?

ಸೂಜಿಮೊನೆ

ಏರಿಮೇಲೆ ಅವರೇ, ನೀವು ಕೇಳಿದ್ದು ವ್ಯಂಗ್ಯಕ್ಕೆ ಇರಬಹುದು, ಆದರೆ ಇಡೀ ವಿಷಯದ ಗಂಟು ಇರುವುದು ಅಲ್ಲೇ. ಹೇಗೆ ಸಾಯುತ್ತದೆ ಎನ್ನುವುದು ತುಂಬಾ ಮುಖ್ಯ.

ಮೈಕ್ರೋಸಿಸ್ಟಿಸ್ ತಯಾರಿಸುವ ಮೈಕ್ರೋಸಿಸ್ಟಿನ್ ಎಂಬ ವಿಷ ಲಿವರ್ ಕೆಡಿಸುತ್ತದೆ. ಪಾಚಿ ಜೀವಂತ ಇರುವವರೆಗೆ ಆ ವಿಷದ ಬಹುಪಾಲು ಜೀವಕೋಶದ ಒಳಗೇ ಇರುತ್ತದೆ. ಕುಡಿಯುವ ನೀರಿನ ಘಟಕದಲ್ಲಿ ಇಡೀ ಇಡೀ ಜೀವಕೋಶಗಳನ್ನು ಸೋಸಿ ತೆಗೆದರೆ ಅದರ ಜೊತೆ ವಿಷವೂ ಹೋಗುತ್ತದೆ. ಜೀವಕೋಶ ಒಡೆದರೆ ವಿಷ ನೀರಿಗೆ ಬೆರೆಯುತ್ತದೆ, ಆಗ ಮರಳಿನ ಫಿಲ್ಟರ್‌ಗೆ ಅದು ಸಿಗುವುದಿಲ್ಲ. ಕ್ರಿಯಾಶೀಲ ಇದ್ದಿಲೋ ಓಝೋನೋ ಬೇಕು. ಕುದಿಸಿದರೂ ಹೋಗುವುದಿಲ್ಲ, ನೀರು ಆವಿಯಾಗಿ ವಿಷ ಇನ್ನಷ್ಟು ಗಟ್ಟಿಯಾಗುತ್ತದೆ ಅಷ್ಟೇ.

1979ರಲ್ಲಿ ಆಸ್ಟ್ರೇಲಿಯಾದ ಪಾಮ್ ದ್ವೀಪದಲ್ಲಿ ಇದೇ ಆಯಿತು. ಸೊಲೊಮನ್ ಅಣೆಕಟ್ಟಿನ ನೀರಿನಲ್ಲಿ ಪಾಚಿ ಎದ್ದಿತ್ತು, ನೀವು ಹೇಳಿದ ಮೈಲುತುತ್ತವನ್ನೇ ಹಾಕಿದರು. ಪಾಚಿ ಸತ್ತಿತು. ಆಮೇಲೆ 148 ಜನ ಲಿವರ್ ಊತ, ವಾಂತಿ, ಭೇದಿಯಿಂದ ಮಲಗಿದರು, ಹೆಚ್ಚಿನವರು ಮಕ್ಕಳು. ಅಲ್ಲಿದ್ದದ್ದು ಬೇರೆ ಜಾತಿ, ಸಿಲಿಂಡ್ರೋಸ್ಪರ್ಮಾಪ್ಸಿಸ್. ವಿಷವೂ ಬೇರೆ. ಆದರೆ ಒಡೆದ ಜೀವಕೋಶದಿಂದ ವಿಷ ನೀರಿಗಿಳಿದ ಕಥೆ ಒಂದೇ.

ಈಗ ಇದನ್ನು ವೈರಸ್ಸಿಗೆ ಹೊಂದಿಸಿ ನೋಡಿ. ವೈರಸ್ ಮಾಡುವುದೂ ಜೀವಕೋಶ ಒಡೆಯುವ ಕೆಲಸವನ್ನೇ. 2014ರ ಆಗಸ್ಟ್‌ನಲ್ಲಿ ಅಮೆರಿಕದ ಟೊಲೀಡೊ ನಗರದಲ್ಲಿ ಸುಮಾರು 4 ಲಕ್ಷ ಜನರಿಗೆ ನಲ್ಲಿ ನೀರು ಕುಡಿಯಬೇಡಿ, ಕುದಿಸಿಯೂ ಕುಡಿಯಬೇಡಿ ಎಂದು ಸಾರಿದರು. ಈರಿ ಸರೋವರದ ಮೈಕ್ರೋಸಿಸ್ಟಿಸ್‌ನಿಂದ ಬಂದ ವಿಷ ಶುದ್ಧೀಕರಿಸಿದ ನೀರಿನಲ್ಲೂ ಲೀಟರಿಗೆ 1 ಮೈಕ್ರೋಗ್ರಾಂ ಮಿತಿ ದಾಟಿತ್ತು. ಆ ದಿನಗಳ ನೀರಿನ ಮಾದರಿಯಲ್ಲಿ ಯಾವ ಜೀನ್‌ಗಳು ಕೆಲಸ ಮಾಡುತ್ತಿದ್ದವು ಎಂದು ಸಂಶೋಧಕರು ಆಮೇಲೆ ನೋಡಿದಾಗ, ಮೈಕ್ರೋಸಿಸ್ಟಿಸ್ ಒಳಗೆ ಫೇಜ್ ಚಟುವಟಿಕೆಯ ಗುರುತು ಸಿಕ್ಕಿತು. ಫೇಜ್ ಸೋಂಕಿನಿಂದ ಜೀವಕೋಶಗಳು ಒಡೆದು ಅಷ್ಟು ವಿಷ ನೀರಿಗೆ ಬಂದಿರಬಹುದು ಎಂದು 2017ರಲ್ಲಿ ಬರೆದರು. ಅಂದರೆ ನಾವು ಇಲ್ಲಿ ಮದ್ದು ಎಂದು ಕೊಂಡಾಡುತ್ತಿರುವ ಜೀವಿಯೇ ಅಲ್ಲಿ ಅನಾಹುತದ ಒಂದು ಕಾರಣ ಆಗಿರಬಹುದು. ಕುಡಿಯುವ ನೀರಿನ ಕೆರೆಯಲ್ಲಿ, ಬ್ಲೂಮ್ (ಪಾಚಿ ಉಕ್ಕುವುದು) ಪೂರ್ತಿ ಏರಿದ ಮೇಲೆ, ಬಕೆಟ್‌ಗಟ್ಟಲೆ ಫೇಜ್ ಸುರಿಯುತ್ತೇನೆ ಎಂದು ಯಾರಾದರೂ ಬಂದರೆ ನಾನಂತೂ ಅಡ್ಡ ನಿಲ್ಲುತ್ತೇನೆ.

ಹಾಗಂತ ಪರಾವಲಂಬಿಗಳೇ ಬೇಡ ಎಂದಲ್ಲ. ಫಂಗಸ್ ಬಗ್ಗೆ ಇಲ್ಲಿ ಯಾರೂ ಮಾತಾಡಲೇ ಇಲ್ಲ, ನನಗೆ ಇಷ್ಟವಾದ ಭಾಗ ಅದು, ಸಂಜೆ ಬರೆಯುತ್ತೇನೆ.

ಏರಿಮೇಲೆ

ಪಾಮ್ ದ್ವೀಪದ್ದು ಗೊತ್ತಿರಲಿಲ್ಲ. ಬರೀರಿ, ಕಾಯ್ತೀನಿ.

ಸೂಜಿಮೊನೆ

ಸರಿ, ಫಂಗಸ್.

ಕೈಟ್ರಿಡ್ ಎನ್ನುವ ಗುಂಪು. ಬ್ರೆಡ್ಡಿನ ಮೇಲೆ ಬರುವ ಬೂಷ್ಟು ನೆನೆಸಿಕೊಳ್ಳಬೇಡಿ, ಇದು ಒಂದೇ ಜೀವಕೋಶದ್ದು, ನೀರಿನಲ್ಲೇ ಹುಟ್ಟಿ ನೀರಿನಲ್ಲೇ ಮುಗಿಯುತ್ತದೆ. ಇದರ ಮರಿಗೆ ಝೂಸ್ಪೋರ್ ಎನ್ನುತ್ತಾರೆ, ಮೈಕ್ರೋಮೀಟರ್ ಲೆಕ್ಕದಲ್ಲಿ 2ರಿಂದ 5ರಷ್ಟು ಗಾತ್ರ, ಹಿಂದೆ ಒಂದೇ ಒಂದು ಬಾಲ. ಬಾಲ ಬಡಿಯುತ್ತಾ ಈಜಿ ಹೋಗಿ ಪಾಚಿಯ ಮೈಗೆ ಅಂಟಿಕೊಳ್ಳುತ್ತದೆ, ಒಳಕ್ಕೆ ಬೇರಿನಂಥ ಎಳೆ ಇಳಿಸುತ್ತದೆ, ಒಳಗಿದ್ದದ್ದನ್ನು ಹೀರಿ ಹೊರಗೆ ಗುಂಡಗೆ ಊದುತ್ತದೆ. ಆ ಗುಂಡು ಒಡೆದರೆ ಮತ್ತಷ್ಟು ಝೂಸ್ಪೋರ್. ಪಾಚಿ ಹೆಣ. ಇಂಗ್ಲೆಂಡಿನ ಲೇಕ್ ಡಿಸ್ಟ್ರಿಕ್ಟ್‌ನಲ್ಲಿ ಹಿಲ್ಡಾ ಕ್ಯಾಂಟರ್ ಮತ್ತು ಜಾನ್ ಲುಂಡ್ ಇದನ್ನು ವರ್ಷಗಟ್ಟಲೆ ಕೂತು ನೋಡಿ ಎಣಿಸಿದರು. ಆಸ್ಟೀರಿಯೊನೆಲ್ಲ ಎಂಬ ಡಯಾಟಮ್ ಪಾಚಿಯ ಸಂಖ್ಯೆ ಕುಸಿಯುವುದಕ್ಕೂ ಅದಕ್ಕೆ ಕೈಟ್ರಿಡ್ ಹಬ್ಬುವುದಕ್ಕೂ ಇರುವ ನಂಟನ್ನು 1948ರಲ್ಲೇ ತೋರಿಸಿದರು. ಆವರೆಗೆ ಪಾಚಿ ಏರಿಳಿತ ಅಂದರೆ ಬೆಳಕು, ಗೊಬ್ಬರ, ಸಿಲಿಕಾ ಇಷ್ಟೇ ಎಂದುಕೊಂಡಿದ್ದರು.

ಡಯಾಟಮ್‌ಗೆ ಮಾತ್ರ ಅಲ್ಲ, ವಿಷದ ಪಾಚಿಗೂ ಕೈಟ್ರಿಡ್ ಬರುತ್ತದೆ. ನಾರ್ವೆಯ ಕೆರೆಗಳಿಂದ ಹಿಡಿದ ರೈಝೊಫಿಡಿಯಂ ಮೆಗಾರೈಝಂ ಎಂಬುದು ಪ್ಲಾಂಕ್ಟೋತ್ರಿಕ್ಸ್‌ಗೆ ತಗಲುತ್ತದೆ. ಪ್ಲಾಂಕ್ಟೋತ್ರಿಕ್ಸ್ ಅಂದರೆ ಉದ್ದುದ್ದ ಎಳೆಯಾಗಿ ಬೆಳೆಯುವ ಸಯನೋಬ್ಯಾಕ್ಟೀರಿಯಾ. ಕೆರೆಯಲ್ಲಿ ಪಾಚಿ ತಿಂದು ಬದುಕುವ ಡ್ಯಾಫ್ನಿಯಾ ಇದೆಯಲ್ಲ, ನೀರುಚಿಗಟ ಅನ್ನಿ, ಅದಕ್ಕೆ ಈ ಉದ್ದದ ಎಳೆ ಬಾಯಿಗೆ ಹಿಡಿಯುವುದೇ ಇಲ್ಲ, ಸೋಸುವ ಕಾಲುಗಳಿಗೆ ಸಿಕ್ಕಿಹಾಕಿಕೊಳ್ಳುತ್ತದೆ. ಕೈಟ್ರಿಡ್ ತಗಲಿದರೆ ಎರಡು ಅನುಕೂಲ. ಎಳೆ ಅಲ್ಲಲ್ಲಿ ಸತ್ತು ತುಂಡಾಗುತ್ತದೆ, ತುಂಡನ್ನು ಡ್ಯಾಫ್ನಿಯಾ ನುಂಗಬಲ್ಲದು. ಜೊತೆಗೆ ಝೂಸ್ಪೋರ್ ಸಣ್ಣದು, ಈಜಾಡುತ್ತಿರುತ್ತದೆ, ಕೊಬ್ಬಿನಾಮ್ಲ ಮತ್ತು ಕೊಲೆಸ್ಟರಾಲ್ ತುಂಬಿಕೊಂಡಿರುತ್ತದೆ. ಸಯನೋಬ್ಯಾಕ್ಟೀರಿಯಾದಲ್ಲಿ ಈ ಕೊಲೆಸ್ಟರಾಲ್ ಥರದ್ದು ಇಲ್ಲ, ಡ್ಯಾಫ್ನಿಯಾ ಅದನ್ನು ತಾನಾಗಿ ಮಾಡಿಕೊಳ್ಳಲೂ ಆಗದು. ಅಂದರೆ ತಿನ್ನಲಾಗದ ಪಾಚಿಯಲ್ಲಿ ಬಿದ್ದಿದ್ದ ಸತ್ವ ಫಂಗಸ್ ಮೂಲಕ ಡ್ಯಾಫ್ನಿಯಾಗೆ, ಅಲ್ಲಿಂದ ಮೀನಿಗೆ ದಾಟಿತು. ಇದಕ್ಕೆ ಮೈಕೋಲೂಪ್ ಎಂದು ಹೆಸರಿಟ್ಟಿದ್ದಾರೆ.

ವೈರಸ್ಸಿಗೂ ಇದಕ್ಕೂ ವ್ಯತ್ಯಾಸ ನೋಡಿ. ವೈರಸ್ ಒಡೆದ ಜೀವಕೋಶದ ರಸ ನೀರಿಗೆ ಚೆಲ್ಲುತ್ತದೆ, ಬೇರೆ ಬ್ಯಾಕ್ಟೀರಿಯಾ ಅದನ್ನು ತಿಂದು ಅಲ್ಲಲ್ಲೇ ಸುತ್ತುತ್ತಿರುತ್ತದೆ. ಕೈಟ್ರಿಡ್ ಒಳಗಿದ್ದದ್ದರಲ್ಲಿ ಒಳ್ಳೆಯ ಪಾಲನ್ನು ತನ್ನ ಮರಿಗಳಿಗೆ ತುಂಬಿ ಮೇಲಿನ ಪ್ರಾಣಿಗಳಿಗೆ ದಾಟಿಸುತ್ತದೆ. ನನ್ನ ಮಟ್ಟಿಗೆ ಕೈಟ್ರಿಡ್ಡೇ ಮೇಲು.

ಆದರೆ ಪ್ಲಾಂಕ್ಟೋತ್ರಿಕ್ಸ್ ಕೂಡ ತಯಾರಾಗೇ ಇದೆ. ಅದು ಮೈಕ್ರೋಸಿಸ್ಟಿನ್ ಸೇರಿದಂತೆ ಹಲವು ಸಣ್ಣ ಪೆಪ್ಟೈಡ್‌ಗಳನ್ನು ಮಾಡುತ್ತದೆ. ಆ ಪೆಪ್ಟೈಡ್ ಮಾಡುವ ಜೀನ್ ಕೆಡಿಸಿದ ತಳಿಗಳನ್ನು ಕೈಟ್ರಿಡ್ ಜೊತೆ ಬಿಟ್ಟು ನೋಡಿದಾಗ ಅವು ಬೇಗ ಸತ್ತವು. ನಮ್ಮ ಲಿವರ್ ಕೆಡಿಸುವ ವಿಷ ಅದಕ್ಕೆ ಫಂಗಸ್ ತಡೆಯುವ ಗುರಾಣಿಯೂ ಆಗಿರಬಹುದು. ನಾವು ಕುಡಿದು ಸಾಯಲಿ ಎಂದು ಅದೇನೂ ಮಾಡಿಕೊಂಡದ್ದಲ್ಲ!

ಹನಿಜಾಡು

ಎಲ್ಲರಿಗೂ ಥ್ಯಾಂಕ್ಸ್. ಸೂಜಿಮೊನೆ ಅವರೇ, ಕೈಟ್ರಿಡ್ ಎಂದ ಕೂಡಲೇ ಕಪ್ಪೆಗಳು ನೆನಪಾದವು. ಜಗತ್ತಿನ ಎಷ್ಟೋ ಕಡೆ ಕಪ್ಪೆ ಸಂತತಿಯನ್ನೇ ಮುಗಿಸುತ್ತಿರುವುದು ಕೈಟ್ರಿಡ್ ಅಲ್ವಾ? ಅದನ್ನು ಕೆರೆಗೆ ಬಿಡುವುದು ಅಂದರೆ ಕೈಯಾರೆ ಕೊಳ್ಳಿ ಇಟ್ಟುಕೊಂಡ ಹಾಗಲ್ಲವಾ? ಮತ್ತೆ, ಕೆರೆ ಪಾಚಿ ರಾತ್ರಿ ಬೆಳಗಾಗುವುದರಲ್ಲಿ ಕಾಣೆಯಾದರೆ ಅದು ಈ ವೈರಸ್ ಅಥವಾ ಫಂಗಸ್ ಕೆಲಸ ಎಂದು ತಿಳಿಯಬಹುದಾ?

ಜೌಗುನೆಲ

ಕಪ್ಪೆಯದು ಬೇರೆ ಜಾತಿ, ಬ್ಯಾಟ್ರಾಕೊಕೈಟ್ರಿಯಂ. 1999ರಲ್ಲಿ ಹೆಸರಿಟ್ಟರು, ಕಪ್ಪೆ ಚರ್ಮದ ಕೆರಾಟಿನ್ ಇರುವ ಪದರದಲ್ಲಿ ಬೆಳೆಯುತ್ತದೆ. ಪಾಚಿಯ ಕೈಟ್ರಿಡ್‌ಗಳು ಪಾಚಿಗೆ ಮಾತ್ರ, ಅದರಲ್ಲೂ ಹೆಚ್ಚಿನವು ಕೆಲವೇ ಜಾತಿಗಳಿಗೆ. ಆದರೆ ಕಪ್ಪೆಯ ಕಥೆಯಿಂದ ಒಂದು ಮಾತು ತೆಗೆದುಕೊಳ್ಳಬಹುದು. ಅದು ಅಷ್ಟು ಹಾನಿ ಮಾಡಿದ್ದು ಮನುಷ್ಯರು ಒಂದು ಕಡೆಯ ಕಪ್ಪೆಗಳನ್ನು ಇನ್ನೊಂದು ಕಡೆಗೆ ಸಾಗಿಸಿದ್ದರಿಂದ. ಆದ್ದರಿಂದ ಪಾಚಿಗೇ ಆಗಲಿ, ಒಂದು ಕೆರೆಯ ಪರಾವಲಂಬಿಯನ್ನು ದೂರದ ಇನ್ನೊಂದು ಕೆರೆಗೆ ತಂದು ಸುರಿಯುವುದು ನನಗೆ ಹಿಡಿಸುವುದಿಲ್ಲ.

ರಾತ್ರಿ ಬೆಳಗಾಗುವುದರಲ್ಲಿ ಕಾಣೆಯಾಗುವುದಕ್ಕೆ ಹೆಚ್ಚಿನ ಸಲ ವೈರಸ್ ಬೇಕಿಲ್ಲ. ಮೈಕ್ರೋಸಿಸ್ಟಿಸ್ ಒಳಗೆ ಗಾಳಿ ತುಂಬಿದ ಸಣ್ಣ ಸಣ್ಣ ಕೊಳವೆಗಳಿವೆ, ಅದರಿಂದ ತೇಲುತ್ತದೆ. ಹಗಲೆಲ್ಲ ಬಿಸಿಲಲ್ಲಿ ಸಕ್ಕರೆ ಮಾಡಿಟ್ಟು ಭಾರವಾದರೆ ಮುಳುಗುತ್ತದೆ, ಕತ್ತಲಲ್ಲಿ ಅದನ್ನು ಖರ್ಚು ಮಾಡಿ ಹಗುರಾಗಿ ಮತ್ತೆ ಮೇಲೆ ಬರುತ್ತದೆ. ಗಾಳಿ ಬೀಸಿದರೆ ಕೆನೆ ಒಂದು ದಂಡೆಗೆ ಸರಿಯುತ್ತದೆ, ಇಲ್ಲವೇ ನೀರಿನಲ್ಲಿ ಕಲಸಿಹೋಗುತ್ತದೆ. ನೀವು ನಿಂತ ದಂಡೆಯಲ್ಲಿ ಇಲ್ಲ ಅಂದರೆ ಕೆರೆಯಲ್ಲೇ ಇಲ್ಲ ಅಂತ ಅಲ್ಲ. ಚಳಿಗಾಲದಲ್ಲಿ ತಳದ ಕೆಸರಿನಲ್ಲಿ ಸುಮ್ಮನೆ ಬಿದ್ದುಕೊಂಡಿದ್ದು ಬಿಸಿಲು ಬಂದಾಗ ಮೇಲೇಳುವುದೂ ಅದಕ್ಕೆ ಗೊತ್ತು.

ನಿಜವಾಗಿ ಸತ್ತು ಕುಸಿದಿದ್ದರೆ ಬೇರೆ ಗುರುತು ಕಾಣುತ್ತದೆ. ನೀರು ಹಸಿರು ಬಿಟ್ಟು ನೀಲಿ ಕಡೆಗೆ ತಿರುಗಬಹುದು, ಸತ್ತ ಜೀವಕೋಶದ ನೀಲಿ ಬಣ್ಣ ನೀರಿಗಿಳಿದದ್ದು ಅದು. ಕೊಳೆತ ವಾಸನೆ. ಕೊಳೆಯುವಾಗ ನೀರಿನ ಆಮ್ಲಜನಕ ಖಾಲಿಯಾಗಿ ಬೆಳಗಿನ ಜಾವ ಮೀನು ಮೇಲೆ ಬಂದು ಬಾಯಿ ಬಿಡುತ್ತದೆ, ಇಲ್ಲ ಸಾಯುತ್ತದೆ. ಪಾಚಿ ಯಾವುದರಿಂದ ಸತ್ತರೂ ಒಟ್ಟಿಗೆ ಸತ್ತರೆ ಈ ಕಾಟ ತಪ್ಪಿದ್ದಲ್ಲ.

ಮಿಣುಕುಹುಳ

ಓದುತ್ತಾ ಬಂದೆ. ಎಲ್ಲರೂ ಆಗಲ್ಲ ಆಗಲ್ಲ ಎನ್ನುತ್ತಿದ್ದೀರಿ. ಜಪಾನಿನಲ್ಲಿ ಸ್ವಲ್ಪ ಆಗಿದೆ, ಅದನ್ನೂ ಹೇಳಿ. ಅದು ಕೆರೆಯದಲ್ಲ, ಉಪ್ಪು ನೀರಿನದು, ಹೆಟೆರೋಕ್ಯಾಪ್ಸಾ ಸರ್ಕ್ಯುಲಾರಿಸ್ಕ್ವಾಮಾ ಎಂಬ ಡೈನೋಫ್ಲಾಜೆಲೇಟ್, ಅಂದರೆ ಒಂದೇ ಜೀವಕೋಶದ, ಈಜುವ ಪಾಚಿ. ಸಿಂಪಿ ಮುಂತಾದ ಚಿಪ್ಪಿನ ಜೀವಿಗಳನ್ನು ಸಾಕುವವರಿಗೆ ಅದು ದೊಡ್ಡ ಶಾಪ. ಅದಕ್ಕೆ ಒಂದು ಆರ್‌ಎನ್‌ಎ ವೈರಸ್ ಇದೆ. ಬ್ಲೂಮ್ ಮುಗಿದ ಮೇಲೆ ಆ ವೈರಸ್ ತಳದ ಕೆಸರಿನಲ್ಲಿ ಉಳಿದುಕೊಳ್ಳುತ್ತದೆ. ಆ ಕೆಸರನ್ನೇ ತೆಗೆದು, ತಣ್ಣಗೆ ಹೆಪ್ಪುಗಟ್ಟಿಸಿ ಇಟ್ಟು, ಮುಂದಿನ ಬ್ಲೂಮ್ ಏಳುವಾಗ ಅಲ್ಲೇ ಚೆಲ್ಲುವ ಪ್ರಯೋಗ ಮಾಡಿದ್ದಾರೆ. ಲ್ಯಾಬಿನಲ್ಲಿ ಬೆಳೆಸಿದ ಒಂದೇ ತಳಿಯ ವೈರಸ್ ಅಲ್ಲ, ಅದೇ ಜಾಗದ, ಅಲ್ಲಿನ ಪಾಚಿಯ ಜೊತೆ ಬಡಿದಾಡಿ ಪಳಗಿದ ವೈರಸ್. ಜೌಗುನೆಲ ಅವರು ಹೇಳಿದ ಎರಡೂ ತಕರಾರಿಗೆ, ಅಂದರೆ ತಳಿ ಹೊಂದದಿರುವುದು ಮತ್ತು ಹೊರಗಿನ ಜೀವಿ ತರುವುದು, ಇದರಲ್ಲಿ ಉತ್ತರ ಇದೆ ಎಂದು ನನಗನಿಸುತ್ತದೆ.

ಜೌಗುನೆಲ

ಒಪ್ಪಿದೆ, ಆ ದಾರಿ ಜಾಣತನದ್ದು. ಬ್ಲೂಮ್ ಇನ್ನೂ ಚಿಕ್ಕದಿರುವಾಗ ಬಿಡುವುದು ಎನ್ನುವುದು ಅದರಲ್ಲಿ ಮುಖ್ಯ. ಆದರೆ ಹೆಟೆರೋಕ್ಯಾಪ್ಸಾ ಚಿಪ್ಪಿನ ಜೀವಿಗಳನ್ನು ಕೊಲ್ಲುತ್ತದೆಯೇ ಹೊರತು ಮನುಷ್ಯರಿಗೆ ಅದರಿಂದ ವಿಷವಿಲ್ಲ. ಒಡೆದರೆ ಒಡೆಯಲಿ ಎನ್ನಬಹುದು. ಕುಡಿಯುವ ನೀರಿನ ಮೈಕ್ರೋಸಿಸ್ಟಿಸ್‌ಗೆ ಅಷ್ಟು ಸಲೀಸಾಗಿ ಹಾಗೆ ಹೇಳಲಾಗದು. ಅಲ್ಲಿ ವಿಷ ತಿನ್ನುವ ಬ್ಯಾಕ್ಟೀರಿಯಾ ಇದ್ದರೆ ಸ್ವಲ್ಪ ಸಮಾಧಾನ. ಆಸ್ಟ್ರೇಲಿಯಾದಲ್ಲಿ 1990ರ ದಶಕದಲ್ಲಿ ಅಂಥದ್ದೊಂದು ಸ್ಫಿಂಗೊಮೊನಾಸ್ ಸಿಕ್ಕಿತು. ಮೈಕ್ರೋಸಿಸ್ಟಿನ್ ಉಂಗುರದಾಕಾರದ ಅಣು, ಆ ಬ್ಯಾಕ್ಟೀರಿಯಾದ ಒಂದು ಕಿಣ್ವ ಉಂಗುರವನ್ನು ಕತ್ತರಿಸಿ ನೆಟ್ಟಗೆ ಮಾಡಿಬಿಡುತ್ತದೆ, ವಿಷದ ಬಲ ನೂರು ಪಟ್ಟಿಗಿಂತಲೂ ಇಳಿಯುತ್ತದೆ. ಆದರೆ ಅದಕ್ಕೆ ದಿನಗಳು ಬೇಕು, ಕೆಲವು ಸಲ ವಾರಗಳು. ನಲ್ಲಿ ತಿರುಗಿಸುವವರು ಅಷ್ಟು ದಿನ ಕಾಯುವುದಿಲ್ಲ.

ಏರಿಮೇಲೆ

ಮೈಲುತುತ್ತ ವಾಪಸ್ ತೆಗೆದುಕೊಂಡೆ 😀 ಆದರೆ ಒಂದು ಕೇಳುತ್ತೇನೆ. ಪ್ರಕೃತಿಯಲ್ಲೇ ಇಷ್ಟು ವೈರಸ್, ಇಷ್ಟು ಫಂಗಸ್ ಇದ್ದ ಮೇಲೆ ಪಾಚಿ ಉಕ್ಕುವುದಾದರೂ ಯಾಕೆ? ಅವು ಇರುವಾಗಲೇ ತಾನೇ ಉಕ್ಕುತ್ತಿರುವುದು?

ಸೂಜಿಮೊನೆ

ಇದು ನಿಜವಾಗಿ ಒಳ್ಳೆಯ ಪ್ರಶ್ನೆ.

ಪರಾವಲಂಬಿ ಇರುವುದು ಬೇರೆ, ಅದಕ್ಕೆ ಕೆಲಸ ಮಾಡಲು ಆಗುವುದು ಬೇರೆ. ನೆದರ್ಲೆಂಡ್ಸ್‌ನಲ್ಲಿ ಮಾರ್ಸೆವೀನ್ ಎಂಬ ಕೆರೆಯಲ್ಲಿ ಆಸ್ಟೀರಿಯೊನೆಲ್ಲ ಮತ್ತು ಅದರ ಕೈಟ್ರಿಡ್‌ಗಳನ್ನು ವರ್ಷಾನುಗಟ್ಟಲೆ ಎಣಿಸಿದ್ದಾರೆ. ನೀರು 3 ಡಿಗ್ರಿಗಿಂತ ತಣ್ಣಗಾದರೆ ಕೈಟ್ರಿಡ್ ಹೆಚ್ಚುಕಡಿಮೆ ಕೈಕಟ್ಟಿ ಕೂರುತ್ತದೆ, ಪಾಚಿ ಮಾತ್ರ ನಿಧಾನಕ್ಕೆ ಬೆಳೆಯುತ್ತಲೇ ಇರುತ್ತದೆ. ಹಾಗಾಗಿ ಕಡು ಚಳಿಯ ವರ್ಷ ಪಾಚಿ ದೊಡ್ಡದಾಗಿ ಎದ್ದು, ಬಿಸಿ ಏರಿದ ಮೇಲೆ ಜೋರು ರೋಗ ಹಬ್ಬಿ ಕುಸಿಯಿತು. ಚಳಿ ಕಡಿಮೆಯಿದ್ದ ವರ್ಷ? ಕೈಟ್ರಿಡ್ ಚಳಿಗಾಲದಲ್ಲೂ ಅಲ್ಪಸ್ವಲ್ಪ ತಿನ್ನುತ್ತಲೇ ಇತ್ತು, ಪಾಚಿ ಏಳಲೇ ಇಲ್ಲ, ರೋಗವೂ ಜೋರಾಗಿ ಹಬ್ಬಲಿಲ್ಲ. ಅಂದರೆ ಕೈಟ್ರಿಡ್ ನಿಜವಾಗಿ ಗೆದ್ದ ವರ್ಷ ಯಾರ ಕಣ್ಣಿಗೂ ಏನೂ ಬೀಳಲಿಲ್ಲ! ನಾವು ಪಾಚಿ ಉಕ್ಕಿದ ವರ್ಷವನ್ನು ಮಾತ್ರ ನೋಡಿ ಪರಾವಲಂಬಿ ಏನು ಕಡಿದು ಕಟ್ಟೆ ಹಾಕಿದೆ ಎನ್ನುತ್ತೇವೆ.

ಪ್ಲಾಂಕ್ಟೋತ್ರಿಕ್ಸ್ ರುಬೆಸೆನ್ಸ್ ಇನ್ನೂ ಜಾಣ. ಅದು ಆಳದಲ್ಲಿ, ಬಿಸಿ ನೀರು ಮುಗಿದು ತಣ್ಣೀರು ಶುರುವಾಗುವ ಮಬ್ಬು ಪದರದಲ್ಲಿ ನಿಲ್ಲುತ್ತದೆ. ಅಲ್ಲಿನ ಚಳಿ ಮತ್ತು ಮಬ್ಬಿಗೆ ಕೈಟ್ರಿಡ್ ಸರಿಯಾಗಿ ಹಬ್ಬಲಾರದು.

ಇನ್ನು ಗೊಬ್ಬರ. ಇದನ್ನು ಬಿಟ್ಟು ಮಾತಾಡುವುದರಲ್ಲಿ ಅರ್ಥವಿಲ್ಲ. ಕೊಳಚೆ ಮತ್ತು ಹೊಲದ ರಂಜಕ ಬಂದು ಬೀಳುತ್ತಲೇ ಇದ್ದರೆ ಪರಾವಲಂಬಿ ಒಂದು ತಳಿಯನ್ನು ಮುಗಿಸುವುದರೊಳಗೆ ಇನ್ನೊಂದು ತಲೆ ಎತ್ತುತ್ತದೆ. ವೈರಸ್ ಒಡೆದ ಜೀವಕೋಶದ ರಂಜಕ ಕೂಡ ಎಲ್ಲಿಗೂ ಹೋಗುವುದಿಲ್ಲ, ನೀರಿನಲ್ಲೇ ಇರುತ್ತದೆ. ಕೆನಡಾದ ಒಂಟಾರಿಯೊದಲ್ಲಿ ಪ್ರಯೋಗಕ್ಕೆಂದೇ ಬಿಟ್ಟ ಕೆರೆಗಳಿವೆ. ಅವುಗಳಲ್ಲಿ 226 ನಂಬರಿನ ಕೆರೆಯನ್ನು 1973ರಲ್ಲಿ ನಡುವೆ ಪರದೆ ಹಾಕಿ ಎರಡು ಮಾಡಿದರು. ಒಂದು ಪಾಲಿಗೆ ಇಂಗಾಲ, ಸಾರಜನಕ. ಇನ್ನೊಂದಕ್ಕೆ ಅವೆರಡರ ಜೊತೆ ರಂಜಕ. ರಂಜಕ ಬಿದ್ದ ಪಾಲು ಹಸಿರಾಯಿತು, ಆ ಕಡೆಯದು ತಿಳಿಯಾಗೇ ಉಳಿಯಿತು. ವೈರಸ್ಸೂ ಫಂಗಸ್ಸೂ ಪರದೆಯ ಎರಡೂ ಕಡೆ ಇದ್ದಿರಲೇಬೇಕು. ಅಮೆರಿಕದ ಸಿಯಾಟಲ್ ಪಕ್ಕದ ವಾಷಿಂಗ್ಟನ್ ಸರೋವರಕ್ಕೆ ಬರುತ್ತಿದ್ದ ಕೊಳಚೆಯನ್ನು 1963ರಿಂದ 1968ರ ಹೊತ್ತಿಗೆ ಪೂರ್ತಿ ಬೇರೆ ಕಡೆ ತಿರುಗಿಸಿದರು. ಕೆಲವೇ ವರ್ಷದಲ್ಲಿ ನೀರು ತಿಳಿಯಾಯಿತು, ಆಮೇಲೆ ಡ್ಯಾಫ್ನಿಯಾ ಹೆಚ್ಚಿ ಇನ್ನೂ ತಿಳಿಯಾಯಿತು. ಯಾರೂ ಏನೂ ಸುರಿಯಲಿಲ್ಲ.

ನನ್ನ ಅಭಿಪ್ರಾಯ ಕೇಳಿದರೆ ಪರಾವಲಂಬಿಯನ್ನು ಸದ್ಯಕ್ಕೆ ಔಷಧಿಯಾಗಿ ಅಲ್ಲ, ಮುನ್ಸೂಚನೆಯಾಗಿ ಬಳಸಬೇಕು. ನೀರಿನ ಘಟಕದವರು ಪಾಚಿಯನ್ನು ಹೇಗೂ ಎಣಿಸುತ್ತಾರೆ. ಜೊತೆಗೆ ಎಷ್ಟಕ್ಕೆ ರೋಗ ಹಿಡಿದಿದೆ, ಫೇಜ್ ಜೀನ್ ಏರುತ್ತಿದೆಯಾ ಎಂದೂ ನೋಡಿದರೆ, ಜೀವಕೋಶ ಒಡೆದು ವಿಷ ಹೊರಬರುವ ಮೊದಲೇ ಇದ್ದಿಲು ತಯಾರಿಟ್ಟುಕೊಳ್ಳಬಹುದು, ಇಲ್ಲವೇ ನೀರೆತ್ತುವ ಆಳ ಬದಲಿಸಬಹುದು.

ಹನಿಜಾಡು

ಪರದೆ ಹಾಕಿದ ಕೆರೆ ಓದಿ ಖುಷಿಯಾಯಿತು. ಕೊನೆಯದಾಗಿ ಒಂದು. ಈ ಕೈಟ್ರಿಡ್ ನಮ್ಮಂಥವರ ಕಣ್ಣಿಗೆ ಕಾಣುತ್ತದಾ? ಕಾಲೇಜಿನಲ್ಲಿ ಇರುವಂಥ ಸಾಧಾರಣ ಮೈಕ್ರೋಸ್ಕೋಪ್ ಸಾಕಾ?

ಸೂಜಿಮೊನೆ

ಫೇಜ್ ಕಾಣುವುದಿಲ್ಲ, ಅದಕ್ಕೆ ಎಲೆಕ್ಟ್ರಾನ್ ಮೈಕ್ರೋಸ್ಕೋಪ್ ಬೇಕು. ಕೈಟ್ರಿಡ್ ಧಾರಾಳವಾಗಿ ಕಾಣುತ್ತದೆ, 400 ಪಟ್ಟು ಸಾಕು. ಕೆನೆಯನ್ನು ಮುಟ್ಟುವಾಗ ಕೈಗೆ ಗ್ಲೌಸ್ ಹಾಕಿಕೊಳ್ಳಿ, ಬಾಯಿ ಮೂಗಿನ ಹತ್ತಿರ ತರಬೇಡಿ. ಒಂದು ಹನಿ ಗಾಜಿನ ಮೇಲೆ ಇಟ್ಟು ಮೊದಲು ಕಡಿಮೆ ಪಟ್ಟಿನಲ್ಲಿ ಉದ್ದದ ಎಳೆ ಅಥವಾ ನಕ್ಷತ್ರದಾಕಾರದ ಡಯಾಟಮ್ ಹುಡುಕಿ. ಆಮೇಲೆ ಅದರ ಮೈಗುಂಟ ನಿಧಾನಕ್ಕೆ ಸಾಗಿ. ದಾರದ ಪಕ್ಕಕ್ಕೆ ಅಂಟಿಸಿದ ಮಣಿಯ ಹಾಗೆ ಬಣ್ಣವಿಲ್ಲದ ಗುಂಡುಗಳು ಕಂಡರೆ ಅದೇ. ಅದು ಅಂಟಿದ ಕಡೆ ಪಾಚಿಯ ಬಣ್ಣ ಮಾಸಿರುತ್ತದೆ, ಒಳಗಿನದು ಮುದುಡಿರುತ್ತದೆ. ಖಾಲಿ ಗುಂಡು ಕಂಡರೆ ಮರಿಗಳು ಆಗಲೇ ಹೊರಟುಹೋಗಿವೆ ಎಂದರ್ಥ.

ಎಲ್ಲ ಗುಂಡೂ ಕೈಟ್ರಿಡ್ ಅಲ್ಲ, ಪಾಚಿಯ ಮೇಲೆ ಸುಮ್ನೆ ಕೂತು ಬ್ಯಾಕ್ಟೀರಿಯಾ ತಿನ್ನುವ ಸಣ್ಣ ಜೀವಿಗಳೂ ಹೀಗೇ ಕಾಣುತ್ತವೆ. ಅನುಮಾನ ಬಂದರೆ ಕ್ಯಾಲ್ಕೊಫ್ಲೋರ್ ವೈಟ್ ಎಂಬ ಬಣ್ಣ ಹಾಕಿ ಅತಿನೇರಳೆ ಬೆಳಕಿನಲ್ಲಿ ನೋಡಬೇಕು, ಫಂಗಸ್ ಗೋಡೆಯ ಕೈಟಿನ್ ನೀಲಿಯಾಗಿ ಹೊಳೆಯುತ್ತದೆ. ಆ ಸೌಕರ್ಯ ಕಾಲೇಜುಗಳಲ್ಲಿ ಎಲ್ಲ ಕಡೆ ಇರುವುದಿಲ್ಲ. ಮಾದರಿ ಇಟ್ಟುಕೊಂಡು ಆಮೇಲೆ ಎಣಿಸುವುದಾದರೆ ಲುಗಾಲ್ ಅಯೋಡಿನ್ ಹಾಕಿಡಿ. ಝೂಸ್ಪೋರ್ ಈಜುವುದನ್ನು ನೋಡಬೇಕಿದ್ದರೆ ಮಾತ್ರ ಅಯೋಡಿನ್ ಬೇಡ, ತಂದ ದಿನವೇ ನೋಡಿ.